ಕಾಳವ್ವನ ಕೊಯ್ತಾ, ಅಯ್ಯನವರ ಕರಪತ್ರ

ತಿಕೋಟಾದ ಕಾಳವ್ವ ದಿನಕ್ಕೆ ಏನಿಲ್ಲೆಂದರೂ ಎರಡು ಸಾವಿರ ಏಟು ಹೊಡೆಯುತ್ತಾಳೆ. ಅವುಗಳಲ್ಲಿ ಗಂಡನಿಗೆ ಬೀಳುವುದು ವರ್ಷಕ್ಕೆ ಒಂದೋ ಎರಡೋ. ಅವೂ ಇಕ್ಕಳ ಹಿಡಿದವನ ತಪ್ಪಿನಿಂದ ಬಿದ್ದವು ಎಂದು ಅವಳ ವಾದ. ಗಂಡ ಶಿವಶರಣಪ್ಪನ ಎಡಗೈ ಹೆಬ್ಬೆರಳು ಮೂವತ್ತು ವರ್ಷದಿಂದ ತಟ್ಟಿದ ರೊಟ್ಟಿಯ ಹಾಗೆ ಚಪ್ಪಟೆಯಾಗಿದೆ. ಮದುವೆಯಾದ ಒಂಬತ್ತನೇ ದಿನ ಮಾವ ಅವಳ ಕೈಗೆ ಐದು ಕಿಲೋ ಸುತ್ತಿಗೆ ಕೊಟ್ಟು "ಹೊಡಿ" ಎಂದಿದ್ದ. ಎಲ್ಲಿಗೆ ಎಂದು ಹೇಳಿರಲಿಲ್ಲ.

ಕನಮಡಿಗೆ ಹೋಗುವ ರಸ್ತೆಯಲ್ಲಿ, ದ್ರಾಕ್ಷಿ ಔಷಧದ ಅಂಗಡಿಯ ಪಕ್ಕಕ್ಕೆ ಅವರ ಕುಲುಮೆ. "ಶಿವಶರಣಪ್ಪ ಆಂಡ್ ಸನ್ಸ್" ಎಂಬ ಫಲಕವಿದೆ. ಇರುವವರು ಇಬ್ಬರೂ ಹೆಣ್ಣುಮಕ್ಕಳು, ಇಬ್ಬರನ್ನೂ ಮದುವೆ ಮಾಡಿ ಕೊಟ್ಟಾಗಿದೆ. ಒಳಗಿನ ಕೆಲಸದ ಹಂಚಿಕೆ ಹಿಂದಿನಿಂದ ಬಂದದ್ದು. ಗಂಡಸು ಕುಳಿತು, ಕೆಂಪಗೆ ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲೆ ಇಕ್ಕಳದಲ್ಲಿ ಹಿಡಿದು, ಸಣ್ಣ ಸುತ್ತಿಗೆಯಿಂದ ಟಿಣ್ ಎಂದು ಜಾಗ ತೋರಿಸುತ್ತಾನೆ. ಹೆಂಗಸು ನಿಂತು ಅದೇ ಜಾಗಕ್ಕೆ ಧಣ್ ಎಂದು ಹೊಡೆಯುತ್ತಾಳೆ. ಟಿಣ್ ಎನ್ನಿಸುವವನೇ ಕಸುಬುದಾರ, ಧಣ್ ಎನ್ನಿಸುವುದಕ್ಕೆ ಎಮ್ಮೆಯಾದರೂ ಆದೀತು ಎಂದು ಶಿವಶರಣಪ್ಪ ಒಮ್ಮೆ ಚಹಾದ ಅಂಗಡಿಯಲ್ಲಿ ಹೇಳಿದ್ದ. ಆ ಮಾತು ಮನೆಗೆ ತಲುಪಿದ ದಿನವೇ ಬಲಗೈಯ ಕಿರುಬೆರಳೂ ಚಪ್ಪಟೆಯಾಯಿತು.

ಅವರು ಮಾಡುವುದು ಮುಖ್ಯವಾಗಿ ಕೊಯ್ತಾ. ಲಾರಿಯ ಹಳೆಯ ಪಾಟಾ, ಅಂದರೆ ಸ್ಪ್ರಿಂಗಿನ ಪಟ್ಟಿ, ಕಾಯಿಸಿ ಬಡಿದು, ತುದಿಯನ್ನು ಗಿಳಿಯ ಮೂಗಿನ ಹಾಗೆ ಬಗ್ಗಿಸಿದ, ಮೊಳದುದ್ದದ ಅಲಗು. ಕಬ್ಬು ಕಡಿಯುವವರಿಗೆ ಅದು ಅನ್ನ. ಜಾಲಿ ಸವರುವವರಿಗೆ, ಹಳೆಯ ದ್ರಾಕ್ಷಿ ಬಳ್ಳಿಯ ಮೋಟು ಕೀಳುವವರಿಗೂ ಬೇಕು. ಕೈ ಸ್ವಲ್ಪ ಆಚೀಚೆ ಆದರೆ ಇನ್ನೂ ಅನೇಕ ಕೆಲಸಗಳಿಗೆ ಬರುತ್ತದೆ. ಕಾಳವ್ವನ ಬಾಳಿನ ಚಿಂತೆಯೆಲ್ಲ ಆ ಉಳಿದ ಕೆಲಸಗಳದ್ದು.

ಅವಳ ತವರು ಮಮದಾಪುರ. ಅಪ್ಪನೂ ಕಂಬಾರ. ಅವಳಿಗೆ ಹನ್ನೊಂದು ವರ್ಷವಿದ್ದಾಗ ಒಬ್ಬ ಬೆಳಿಗ್ಗೆ ಬಂದು ಕೊಡಲಿ ಒಯ್ದ. ಏನು ಕಡಿಯಲು ಎಂದು ಅಪ್ಪ ಕೇಳಲಿಲ್ಲ, ಅವಸರದಲ್ಲಿದ್ದ. ಮಧ್ಯಾಹ್ನದ ಹೊತ್ತಿಗೆ ಆ ಮನುಷ್ಯ ಹೆಂಡತಿಯ ಅಣ್ಣನನ್ನು ಕೆರೆಯ ಏರಿಯ ಮೇಲೆ ಕಡಿದಿದ್ದ. ಸಂಜೆ ಮತ್ತೆ ಕುಲುಮೆಗೆ ಬಂದು, ಎಲುಬಿಗೆ ತಾಗಿ ಬಾಯಿ ಮುಕ್ಕಾಗಿದೆ, ಇದೆಂಥ ಮಾಲು ಎಂದು ಜಗಳ ತೆಗೆದ. ಅಪ್ಪ ಕೊಡಲಿಯನ್ನು ನೋಡಿದ. ಅದಕ್ಕೆ ಅಂಟಿದ್ದ ಕೂದಲನ್ನು ನೋಡಿದ. ಅಂದಿನಿಂದ ಅವನು ಕಬ್ಬಿಣ ಮುಟ್ಟಲಿಲ್ಲ. ಕುರಿ ಕಾಯುತ್ತ ಬದುಕಿ, ಕುರಿ ಕಾಯುತ್ತಲೇ ಸತ್ತ.

ಹೀಗಾಗಿ ಕಾಳವ್ವನದು ಒಂದೇ ಪಟ್ಟು. ಕೊಯ್ತಾ ಯಾರ ಕೈಗೂ ಕೈಯಿಂದ ಕೊಡುವುದಿಲ್ಲ. ಬಾಗಿಲ ಮುಂದಿನ ಚಪ್ಪಟೆ ಕಲ್ಲಿನ ಮೇಲೆ ಇಡುತ್ತಾಳೆ. ಗಿರಾಕಿಯ ಮುಖ ನೋಡಿ ಕೇಳುತ್ತಾಳೆ: "ಏನ್ ಕಡೀತಿ?" ಅವನು ಕಬ್ಬು ಎನ್ನಬೇಕು, ಜಾಲಿ ಎನ್ನಬೇಕು, ಜೋಳದ ಕಣಿಕಿ ಎನ್ನಬೇಕು. ಆಮೇಲೆ ತಾನೇ ಬಗ್ಗಿ ಎತ್ತಿಕೊಳ್ಳಬೇಕು. ಮೂವತ್ತು ವರ್ಷದಲ್ಲಿ ತನ್ನ ಕುಲುಮೆಯ ಅಲಗು ಮನುಷ್ಯನ ರಕ್ತ ಕುಡಿದಿಲ್ಲ ಎಂಬುದು ಅವಳ ಹೆಮ್ಮೆ. ಶಿವಶರಣಪ್ಪ ಇದನ್ನು ಹೆಂಗಸರ ಹಟ ಎನ್ನುತ್ತಾನೆ, ಹೆಂಡತಿ ಬಾವಿಕಡೆ ಹೋದಾಗ.

ಈಚೆಗೆ ವಿಜಯಪುರದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಹಿಡಿಕೆಯ, ಕನ್ನಡಿಯಂತೆ ಹೊಳೆಯುವ ಕಾರ್ಖಾನೆ ಕೊಯ್ತಾಗಳು ಬಂದವು. ಕಬ್ಬಿನ ಹಂಗಾಮು ಹತ್ತಿರ ಬಂದರೂ ಇವರ ಗೂಟಗಳಲ್ಲಿ ಕೊಯ್ತಾಗಳು ತೂಗುತ್ತಲೇ ಇದ್ದವು. ಜೇಡ ಬಲೆ ಕಟ್ಟಿತು. ಶಿವಶರಣಪ್ಪ ಜಾಹೀರಾತು ಮಾಡಿಸಲು ನಿಶ್ಚಯಿಸಿದ. ನಿಶ್ಚಯಿಸಿದವನು ಮೊದಲು ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದ. ಜಾಹೀರಾತು ಮಾಡಿಸುವವರು ನೆಲದಲ್ಲಿ ಕೂಡಬಾರದಂತೆ.

ಅವನು ಇಬ್ಬರನ್ನು ಒಂದೇ ದಿನ, ಒಂದೇ ಹೊತ್ತಿಗೆ ಕರೆಸಿದ. ನಡುವೆ ಕುಳಿತು ನ್ಯಾಯ ಹೇಳುವ ಆಸೆ.

ಒಬ್ಬ ಚೇತನಕುಮಾರ, ಅವನ ತಂಗಿಯ ಮಗ. ವಿಜಯಪುರದ ಸ್ಟೇಷನ್ ರಸ್ತೆಯ ಮಹಡಿಯೊಂದರಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕಚೇರಿ ಇಟ್ಟಿದ್ದಾನೆ. ಕಚೇರಿಗಿಂತ ಫಲಕ ದೊಡ್ಡದು. ಇನ್ನೊಬ್ಬರು ಬಬಲೇಶ್ವರದ ಪ್ರೆಸ್ಸಿನ ಗುರುಪಾದಯ್ಯನವರು. ಲಗ್ನಪತ್ರಿಕೆ, ತಿಥಿಯ ಕಾರ್ಡು, ದ್ರಾಕ್ಷಿ ಔಷಧದ ಚೀಟಿ ಎಲ್ಲ ಅಚ್ಚು ಹಾಕುವವರು. ಕಳೆದುಹೋದ ಆಡಿನ ಪ್ರಕಟಣೆಯನ್ನೂ ಅವರು "ಸಕಲ ಸನ್ಮಂಗಳಾನಿ ಭವಂತು" ಎಂದೇ ಆರಂಭಿಸುತ್ತಾರೆ.

"ಮಾವಾ, ಮೂವತ್ತ ಸೆಕೆಂಡ್ ಸಾಕು," ಎಂದ ಚೇತನಕುಮಾರ. "ಕೊಯ್ತಾ ಬೀಸೂದು, ಕಡಿಯೂದು, ಮ್ಯೂಸಿಕ್ಕು. ಮುಗೀತು. ಮಂದಿ ಫೋನ್ ತೆಗದು ನೋಡ್ತಾರ, ಅಲ್ಲೇ ಆರ್ಡರ್ ಮಾಡ್ತಾರ. ಇವತ್ತ ಯಾರ್ ಓದ್ತಾರ್ರೀ ಅಜ್ಜಾ?"

ಕೊನೆಯ ಪದ ಗುರುಪಾದಯ್ಯನವರಿಗೆ ಎಂದು ಹೇಳಿದ್ದು. ಅವರು ಅಂದೇ ಬೆಳಿಗ್ಗೆ ಕೂದಲಿಗೆ ಬಣ್ಣ ಹಚ್ಚಿಕೊಂಡು ಬಂದಿದ್ದರು.

"ಅಜ್ಜ ನಿಮ್ಮಪ್ಪ!" ಎಂದರು. "ಬರದದ್ದು ನೂರು ವರ್ಷ ಇರ್ತೈತಿ. ನಿನ್ನ ವಿಡಿಯೋ ಹೆಬ್ಬಟ್ಟಿಲೆ ಮ್ಯಾಲೆ ಸರಸಿದ್ರ ಸತ್ತಹೋತು. ಹೆಬ್ಬಟ್ಟಿನ ಮಂದಿಗೆ ಹೆಬ್ಬಟ್ಟಿನ ಧಂದೆ."

"ನಿಮ್ಮ ಚೀಟಿ ನೂರು ವರ್ಷ ಇರ್ತೈತಿ, ಖರೇ ಐತಿ. ಯಾರೂ ಒಯ್ಯಂಗಿಲ್ಲಲ್ಲ, ಇದ್ದಲ್ಲೇ ಇರ್ತೈತಿ."

ಗುರುಪಾದಯ್ಯನವರು ಮಾದರಿಗೆಂದು ತಂದಿದ್ದ ಲಗ್ನಪತ್ರಿಕೆಗಳ ಕಟ್ಟನ್ನು ಎತ್ತಿ ಅವನ ಮೂಗಿಗೆ ಬೀಸಿದರು. ದಪ್ಪ ರಟ್ಟಿನವು, ಶ್ರೀಮಂತರ ಮನೆಯವು. ಮೂಗಿನಿಂದ ರಕ್ತ ಬಂತು. ಚೇತನಕುಮಾರ ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡನ್ನು ಮಡಚಿ ಬಡಿಗೆಯಂತೆ ಹಿಡಿದ. ಮೊದಲ ಏಟಿಗೆ ಅಯ್ಯನವರ ಕನ್ನಡಕ ಹಾರಿ ಕುಲುಮೆಯೊಳಗೆ ಬಿತ್ತು. ಕನ್ನಡಕವಿಲ್ಲದೆ ಎದುರಿನವನು ಎಲ್ಲಿದ್ದಾನೆಂದು ಕಾಣದೆ ಅವರು ಕೈಗೆ ಸಿಕ್ಕಿದ್ದನ್ನು ಹಿಡಿದು ಕಚ್ಚಿದರು. ಅದು ಶಿವಶರಣಪ್ಪನ ಮೊಣಕೈ. ನ್ಯಾಯ ಹೇಳಲು ಎದ್ದು ನಿಂತಿದ್ದ ಅವನು ಚೀರಿ ಹಿಂದಕ್ಕೆ ಬಿದ್ದ. ಕುರ್ಚಿಯ ಎರಡು ಕಾಲು ಮುರಿದವು.

ಕಾಳವ್ವ ಕಾದ ಕಬ್ಬಿಣ ತಣಿಸುವ ತೊಟ್ಟಿಯಿಂದ ಒಂದು ಬಕೆಟ್ ಕರಿನೀರು ತುಂಬಿ ಮೂವರ ಮೇಲೂ ಸುರಿದಳು. "ಇನ್ನ ಹೊಡಕೊಳ್ಳೂದಿದ್ರ ರಸ್ತೇಕ ಹೋಗ್ರಿ. ಇಲ್ಲಿ ಹೊಡಿಯೂದು ನನ್ನ ಕೆಲಸ."

ನ್ಯಾಯಾಧೀಶ ನೆಲದ ಮೇಲಿನಿಂದಲೇ ತೀರ್ಪು ಕೊಟ್ಟ: ಎರಡೂ ಆಗಲಿ.

ಗುರುಪಾದಯ್ಯನವರು ಹೊಸ ಕನ್ನಡಕ ಹಾಕಿಕೊಂಡು ನಾಲ್ಕು ಪುಟ ಬರೆದರು. ಕಂಪ್ಯೂಟರಿನಲ್ಲಿ ಔಷಧದ ಚೀಟಿಯ ನಮೂನೆ ಸಿದ್ಧವಿತ್ತು. ಅದರಲ್ಲೇ ಕೂರಿಸಿದರು. ತಲೆಯ ಮೇಲೆ ಕೆಂಪು ಅಕ್ಷರದಲ್ಲಿ "ಎಚ್ಚರಿಕೆ! ಬಳಸುವ ಮೊದಲು ಪೂರ್ತಿಯಾಗಿ ಓದಿರಿ" ಎಂದಿತ್ತು. ಅದರ ಕೆಳಗೆ "ರೈತ ಬಾಂಧವರೇ, ಕಬ್ಬಿಣವು ಭೂದೇವಿಯ ಗರ್ಭದಲ್ಲಿ ಇನ್ನೂ ನಿದ್ರಿಸುತ್ತಿದ್ದ ಆ ಕಾಲದಲ್ಲಿ" ಎಂದು ಶುರುವಾಗುತ್ತಿತ್ತು. ಕೊಯ್ತಾದ ಹೆಸರು ಎರಡನೇ ಪುಟದ ಮಧ್ಯಕ್ಕೆ ಬರುತ್ತಿತ್ತು.

"ಅಯ್ನೋರ, ಮನಶ್ಯಾನ್ನ ಕಡಿಯಾವ್ರಿಗೆ ಕೊಡಂಗಿಲ್ಲ ಅಂತ ಒಂದ್ ಮಾತ್ ಹಾಕ್ರಿ," ಎಂದಿದ್ದಳು ಕಾಳವ್ವ. ಅವರು ಹಾಕಿದರು. ಕೊನೆಯ ಪುಟದಲ್ಲಿ, ಕೊನೆಯ ಸಾಲು: "ನರಹತ್ಯಾಕಾಂಕ್ಷಿಗಳು ದಯವಿಟ್ಟು ಅನ್ಯತ್ರ ವಿಚಾರಿಸತಕ್ಕದ್ದು."

ಐದು ಸಾವಿರ ಪ್ರತಿ ಅಚ್ಚಾದವು. ಬಸ್‌ಸ್ಟ್ಯಾಂಡಿನಲ್ಲಿ ಹಂಚಿದ ಇನ್ನೂರರಲ್ಲಿ ಅರ್ಧ ಸೀಟು ಒರೆಸಲು ಹೋದವು, ಅರ್ಧ ಶೇಂಗಾ ಕಟ್ಟಲು. ಉಳಿದವು ಕುಲುಮೆಯ ಮೂಲೆಯಲ್ಲಿ ಗೋಡೆಯ ಹಾಗೆ ನಿಂತವು.

ವಿಡಿಯೋದ ಕತೆ ಬೇರೆ. ಕಪ್ಪು ಕನ್ನಡಕ ಹಾಕಿದ ಶಿವಶರಣಪ್ಪ ಮೊದಲು ಕುಂಬಳಕಾಯಿ ಕಡಿದ, ಆಮೇಲೆ ಬಾಳೆಯ ದಿಂಡು ಕಡಿದ. ಚೇತನಕುಮಾರನಿಗೆ ಸಮಾಧಾನವಾಗಲಿಲ್ಲ. ಮಟನ್ ಅಂಗಡಿಯಿಂದ ಇಡೀ ತೊಡೆ ತರಿಸಿ ತೂಗುಹಾಕಿಸಿದ. ಒಂದೇ ಏಟಿಗೆ ಎಲುಬು ಸಹಿತ ಎರಡಾಗಿ, ತುಂಡು ನೇರ ಕ್ಯಾಮೆರಾದ ಮೇಲೆ ಬಂದು ಬೀಳುವ ದೃಶ್ಯ. ಹಿಂದೆ ಡೊಳ್ಳು. ಕೊನೆಯಲ್ಲಿ ಶಿವಶರಣಪ್ಪ ಅಲಗನ್ನು ನಾಲಿಗೆಯ ಹತ್ತಿರ ಹಿಡಿದು ನಕ್ಕ. ಆ ಅಲಗು ಬಡಿದವಳು ಕಾಣಿಸಲೇ ಇಲ್ಲ. ಅವಳ ಸೀರೆಯ ಸೆರಗು ಒಂದು ಕ್ಷಣ ಬಂದಿತ್ತು, ಕತ್ತರಿಸಿದರು.

ಮೂರು ದಿನದಲ್ಲಿ ಲಕ್ಷ ಮಂದಿ ನೋಡಿದರು. ಶಿವಶರಣಪ್ಪ ಕಪ್ಪು ಕನ್ನಡಕ ಹಾಕಿಕೊಂಡೇ ಚಹಾದ ಅಂಗಡಿಗೆ ಹೋಗತೊಡಗಿದ. ಒಳಗೆ ಕತ್ತಲೆಯಿದ್ದುದರಿಂದ ಒಮ್ಮೆ ಬೆಂಚು ಎಡವಿ ಹಲ್ಲು ಮುರಿದುಕೊಂಡ.

ನಾಲ್ಕನೇ ದಿನ ವಿಜಯಪುರದಿಂದ ಒಂದೇ ಬೈಕಿನಲ್ಲಿ ಮೂವರು ಬಂದರು. ಮುಂದೆ ಕುಳಿತವನ ಹೆಸರು ಕುನಾಲ ಎಂದು ಅವನ ಅಂಗಿಯ ಮೇಲೂ ಬೈಕಿನ ಮೇಲೂ ಬರೆದಿತ್ತು.

"ಆಂಟಿ, ವಿಡಿಯೋದಾಗಿನ ಮಾಲ್ ತೋರಸ್ರಿ."

ಕಾಳವ್ವ ಕೊಯ್ತಾವನ್ನು ಕಲ್ಲಿನ ಮೇಲಿಟ್ಟಳು. "ಏನ್ ಕಡೀತಿ?"

"ಏನೂ ಕಡಿಯಂಗಿಲ್ಲ. ಹಂಗ, ಗಾಡ್ಯಾಗ ಇರ್ಲಿ ಅಂತ."

"ಗಾಡ್ಯಾಗ ಇಡಾಕ ರಿಪೇರಿ ಪಾನಾ ಪಕ್ಕಡ ಇಟ್ಕೋ."

"ಏರಿಯಾದಾಗ ನಮ್ದೊಂದು ಹವಾ ಇರ್ಬೇಕಲ್ರಿ."

"ಹವಾ ಬೇಕಂದ್ರ ಪಂಕ್ಚರ್ ಅಂಗಡಿ ಆ ಕಡೆ ಐತಿ. ಹೋಗ್."

ಜೊತೆಯವರು ನಕ್ಕುಬಿಟ್ಟರು. ಅದೇ ತಪ್ಪಾಯಿತು. ಕುನಾಲ ಕಲ್ಲಿನ ಮೇಲಿನ ಕೊಯ್ತಾಕ್ಕೆ ಕೈ ಹಾಕಿ ಎತ್ತಿದ, ಅವಳ ಮುಖಕ್ಕೆ ಹಿಡಿದ. "ಮುದುಕಿ, ಮೊದಲ ನಿನ್ನ ಕಡದು ಟ್ರಯಲ್ ನೋಡ್ಲೇನ?"

ಕಾಳವ್ವ ಸುತ್ತಿಗೆಯ ಹಿಡಿಕೆಯನ್ನು ಅವನ ಮಣಿಕಟ್ಟಿನ ಮೇಲೆ ಇಳಿಸಿದಳು. ಒಣಗಿದ ಕಡ್ಡಿ ಮುರಿದ ಸದ್ದು. ಕೊಯ್ತಾ ಬಿತ್ತು. ಎರಡನೆಯವನು ಹಿಂದಿನಿಂದ ಅವಳ ಕುತ್ತಿಗೆಗೆ ತೋಳು ಹಾಕಿದ. ಅವಳ ಮೊಣಕೈ ಹೊಟ್ಟೆಗೆ ತಾಗಿ, ಬೆಳಿಗ್ಗೆ ತಿಂದ ಉಪ್ಪಿಟ್ಟನ್ನು ಅಲ್ಲೇ ಬಿಟ್ಟ. ಮೂರನೆಯವನು ಬೈಕ್ ಚಾಲೂ ಮಾಡುವಷ್ಟರಲ್ಲಿ ಅವಳು ಒಲೆಯಿಂದ ಕೆಂಪಗಿನ ಪಾಟಾ ಎಳೆದು ಸೀಟಿನ ಮೇಲಿಟ್ಟಳು. ಸೀಟು ಹೊಗೆಯಾಡಿ ಕರಗಿತು. ಮೂವರೂ ನಿಂತುಕೊಂಡೇ ವಿಜಯಪುರಕ್ಕೆ ಹೋದರು.

ಮಧ್ಯಾಹ್ನ ಹವಾಲ್ದಾರರೊಬ್ಬರು ಬಂದು, ಇಂಥ ವಿಡಿಯೋ ತೆಗೆದುಹಾಕಬೇಕು, ಸಮಾಜಕ್ಕೆ ಕೆಟ್ಟದ್ದು ಎಂದು ಎಚ್ಚರಿಸಿದರು. ಹೋಗುವಾಗ ಮನೆಗೆ ಒಂದು ಈಳಿಗಿ ಮಾಡಿಕೊಡಲು ಹೇಳಿದರು. ಏನು ಕಡೀತೀರಿ ಎಂದು ಕಾಳವ್ವ ಅವರನ್ನೂ ಕೇಳಿದಳು. ಬದನೆಕಾಯಿ ಎಂದರು.

"ವಿಡಿಯೋ ನೋಡಿ ಬಂದಾವ್ರಿಗೆ ಒಂದೂ ಕೊಡಂಗಿಲ್ಲ," ಎಂದು ಕಾಳವ್ವ ಗಂಡನಿಗೆ ಸಾರಿದಳು. ಶಿವಶರಣಪ್ಪ ತಲೆಯಾಡಿಸಿದ. ಅವನು ತಲೆಯಾಡಿಸಿದರೆ ಒಪ್ಪಿದ ಎಂದಲ್ಲ, ಕುತ್ತಿಗೆ ಚೆನ್ನಾಗಿದೆ ಎಂದಷ್ಟೇ.

ಎರಡು ದಿನ ಕಳೆದು, ಬೆಳಿಗ್ಗೆ ಹತ್ತರ ಸುಮಾರಿಗೆ ಕಾಳವ್ವ ಗೂಟಗಳ ಕಡೆ ನೋಡಿದಳು. ವಿಡಿಯೋದಲ್ಲಿ ಮಾಂಸ ಕಡಿದ ಕೊಯ್ತಾ ಇರಲಿಲ್ಲ. ಮೂಲೆಯ ಕರಪತ್ರಗಳ ಗೋಡೆಯಲ್ಲೂ ಒಂದು ಹಿಡಿ ಕಡಿಮೆಯಾಗಿತ್ತು. ಅವಳು ಗಂಡನ ಬಲಗೈ ಹಿಡಿದೆಳೆದು, ಉಳಿದಿದ್ದ ಒಂದೇ ಗುಂಡನೆಯ ಹೆಬ್ಬೆರಳನ್ನು ಅಡಿಗಲ್ಲಿನ ಮೇಲೆ ಇಕ್ಕಳದಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸುತ್ತಿಗೆ ಎತ್ತಿದಳು.

"ಹೇಳ್ತೀನಿ, ಹೇಳ್ತೀನಿ ಬೇ! ಕನಮಡಿಗೆ ಕೊಟ್ಟ ಕಳಿಸೀನಿ! ಮುಂಜಾನಿ ಬಸ್ಸಿನ್ಯಾಗ! ರೇವಪ್ಪ ಅಂತ, ದ್ರಾಕ್ಷಿ ತ್ವಾಟದಾಂವ!"

"ಏನ್ ಕಡೀತಾನಂತ?"

"ಚೇತ್ಯಾಗ ಗೊತ್ತು!"

ಚೇತನಕುಮಾರ ಫೋನಿನಲ್ಲಿ ಉತ್ಸಾಹದಿಂದಲೇ ಹೇಳಿದ. "ಅತ್ತಿ, ಭಾಳ ಚಲೋ ಗಿರಾಕಿ. ಓದ್ಲೇನ? 'ಅರ್ಜೆಂಟ್ ಬೇಕು. ವಿಡಿಯೋದಾಗ ಎಲುಬ ಕಡದ್ರಲ್ಲ, ಅದ ಬೇಕು. ಕಬ್ಬಿಗೆ ಅಲ್ಲ.'"

"ನೀ ಏನಂದಿ ಅದಕ್ಕ?"

"ಹೆಬ್ಬಟ್ಟ ಎತ್ತಿ, ಧನ್ಯವಾದ ಅಂತ ಹಾಕೀನಿ."

ಕಾಳವ್ವ ಫೋನನ್ನು ಗಂಡನ ಎದೆಗೆ ಎಸೆದು, ಸುತ್ತಿಗೆ ಹೆಗಲಿಗಿಟ್ಟು ರಸ್ತೆಗೆ ಇಳಿದಳು. ಬುಡ್ಡೇಸಾಬನ ಮೂರು ಚಕ್ರದ ಟಂಟಂ ಗಿರಾಕಿಗಳಿಗೆ ಕಾಯುತ್ತ ನಿಂತಿತ್ತು.

"ಕನಮಡಿ. ಹೊಡಿ."

"ಯಕ್ಕಾ, ಇನ್ನ ನಾಕ್ ಮಂದಿ ಬರ್ಲಿ."

"ನಾಕ್ ಮಂದಿ ಸತ್ತ ಮ್ಯಾಲ ಬರ್ತಾರ. ಹೊಡಿ ಅಣ್ಣಾ."

ಮುಕ್ಕಾಲು ತಾಸಿನ ದಾರಿಯಲ್ಲಿ ಬುಡ್ಡೇಸಾಬ ಉಳಿದದ್ದನ್ನು ಹೇಳಿದ. ಅವನಿಗೆ ಎಲ್ಲ ಊರಿನ ಎಲ್ಲ ಜಗಳ ಗೊತ್ತು, ಗಾಯಾಳುಗಳನ್ನು ಸಾಗಿಸುವವನು ಅವನೇ. ರೇವಪ್ಪ, ಸಂಗು ಅಣ್ಣತಮ್ಮಂದಿರು. ಬೋರಿನ ನೀರಿನ ಪಾಳಿಗೆ ಜಗಳ. ಹೋದ ತಿಂಗಳು ರೇವಪ್ಪ ತಮ್ಮನ ಎರಡು ಹಲ್ಲು ಉದುರಿಸಿದ. ಸಂಗು ಬಾಯಿ ಒರೆಸಿಕೊಂಡು ಹೋಗಿ ಅಣ್ಣನ ತೋಟದಲ್ಲಿ ನಲವತ್ತು ದ್ರಾಕ್ಷಿ ಬಳ್ಳಿಗಳನ್ನು ಬುಡಕ್ಕೆ ಕಡಿದು ಹಾಕಿದ. ಹಣ್ಣು ಬಿಡುವ ಬಳ್ಳಿಗಳು.

"ರೇವಪ್ಪ ಚಪ್ಪಲಿ ಬಿಟ್ಟಾನ ಯಕ್ಕಾ. ತಮ್ಮನ್ನ ಕಡದ ಮ್ಯಾಲ ಹಾಕ್ಕೋತೀನಿ ಅಂದಾನಂತ."

"ಜೋರ ಹೊಡಿ."

"ಇದು ಟಂಟಂ, ವಿಮಾನ ಅಲ್ಲ."

ಕೊಯ್ತಾ ತೋಟ ತಲುಪಿ ಒಂದು ತಾಸಾಗಿತ್ತು. ಅಷ್ಟು ಹೊತ್ತಿನಲ್ಲಿ ಒಬ್ಬ ತಮ್ಮನನ್ನು ಕಡಿದು, ಕೈ ತೊಳೆದು, ಚಪ್ಪಲಿ ಹಾಕಿಕೊಳ್ಳಬಹುದಿತ್ತು. ಆದರೆ ರೇವಪ್ಪ ಇಪ್ಪತ್ತು ವರ್ಷದ ದ್ರಾಕ್ಷಿ ಬೆಳೆಗಾರ. ಯಾವ ಪೊಟ್ಟಣವನ್ನೂ ಒಳಗಿನ ಚೀಟಿ ಓದದೆ ಬಳಸಿದವನಲ್ಲ. ಔಷಧ ಒಂದು ಮುಚ್ಚಳ ಹೆಚ್ಚಾದರೆ ತೋಟ ಸುಡುತ್ತದೆ, ಕಡಿಮೆಯಾದರೆ ರೋಗ ಬೀಳುತ್ತದೆ. ಹೀಗಾಗಿ ಆ ಸೀಮೆಯವರು ದೇವರ ಸ್ತೋತ್ರದಲ್ಲಿ ಸಾಲು ಬಿಟ್ಟಾರು, ಔಷಧದ ಚೀಟಿಯಲ್ಲಿ ಬಿಡುವುದಿಲ್ಲ. ರೇವಪ್ಪ ಬರಿಗಾಲಿನಲ್ಲಿ, ಹಲ್ಲು ಕಚ್ಚಿಕೊಂಡು, ಗೋಣಿಚೀಲ ಬಿಚ್ಚಿದ. ಅಲಗಿಗೆ ಸುತ್ತಿದ್ದ ಕಾಗದದ ತಲೆಯಲ್ಲಿ ಕೆಂಪಗೆ ಕಂಡಿತು: "ಎಚ್ಚರಿಕೆ! ಬಳಸುವ ಮೊದಲು ಪೂರ್ತಿಯಾಗಿ ಓದಿರಿ."

ಅವನು ಬದುವಿನ ಮೇಲೆ ಕುಳಿತ. ಕೊಯ್ತಾವನ್ನು ತೊಡೆಯ ಕೆಳಗಿಟ್ಟುಕೊಂಡು ಓದತೊಡಗಿದ, ಸಾಲಿನ ಕೆಳಗೆ ಬೆರಳಿಟ್ಟು. ಭೂದೇವಿಯ ಗರ್ಭದಿಂದ ಕಬ್ಬಿಣ ಹೊರಬರುವ ಹೊತ್ತಿಗೆ ಬೆವರು ಬಂತು. ಪ್ರಮಾಣ ಎಷ್ಟು, ಎಷ್ಟು ದಿನದ ಮೇಲೆ ಎರಡನೇ ಸಲ ಎಂದು ಎಲ್ಲೂ ಸಿಗಲಿಲ್ಲ. ಮುಂದೆ ಬಂದೀತೆಂದು ಪುಟ ತಿರುವಿದ. ಮೂರನೇ ಪುಟದಲ್ಲಿದ್ದಾಗ ಸಂಗು ಹಿಂದಿನಿಂದ ಬಂದ. ಅಣ್ಣನ ತೊಡೆಯ ಕೆಳಗೆ ಹೊಳೆಯುವುದನ್ನು ಕಂಡ. ಗುದ್ದಲಿಯ ಕಾವು ಎತ್ತಿ ನಡುನೆತ್ತಿಗೆ ಬಿಟ್ಟ.

ಟಂಟಂ ಬಂದು ನಿಂತಾಗ ರೇವಪ್ಪನ ತಲೆ ಒಡೆದು ಮುಖವೆಲ್ಲ ರಕ್ತವಾಗಿತ್ತು. ಒಂದು ಕಣ್ಣು ಮುಚ್ಚಿಹೋಗಿತ್ತು. ತೆರೆದ ಒಂದು ಕಣ್ಣಿನಲ್ಲಿ ತಮ್ಮನನ್ನು ಹುಡುಕುತ್ತ ಅವನು ಕೊಯ್ತಾ ಬೀಸುತ್ತಿದ್ದ. ಗಾಳಿ ಸಿಳ್ಳೆ ಹೊಡೆಯುತ್ತಿತ್ತು. ಸಂಗು ಗುದ್ದಲಿಯ ಕಾವಿನಿಂದ ತಡೆಯುತ್ತಿದ್ದ. ಎರಡನೇ ಬೀಸಿಗೆ ಕಾವು ತುಂಡಾಯಿತು. ಸಂಗು ಹಿಂದೆ ಸರಿಯುತ್ತ ತಾನೇ ಕಡಿದಿದ್ದ ಬಳ್ಳಿಯ ಮೋಟಿಗೆ ಎಡವಿ ಅಂಗಾತ ಬಿದ್ದ. ಸುತ್ತ ಹತ್ತು ಹದಿನೈದು ಮಂದಿ ನಿಂತಿದ್ದರು. ಅವರ ಎರಡೂ ಕೈ ಕೆಲಸದಲ್ಲಿದ್ದವು, ಫೋನ್ ಹಿಡಿಯುವ ಕೆಲಸದಲ್ಲಿ.

ರೇವಪ್ಪ ತಮ್ಮನ ಎದೆಯ ಮೇಲೆ ಕಾಲಿಟ್ಟು ಕೊಯ್ತಾ ಎತ್ತಿದ. ಅದು ಇಳಿಯುವಾಗ ಕಾಳವ್ವನ ಎಡಗೈ ಅಲಗಿನ ಬುಡವನ್ನು ಹಿಡಿಯಿತು. ಅಂಗೈ ಎಲುಬಿನವರೆಗೆ ಸೀಳಿತು. ಅವಳು ಬಿಡಲಿಲ್ಲ. ಬಲಗೈಯ ಸುತ್ತಿಗೆಯನ್ನು ಅಡ್ಡ ಹಿಡಿದು ರೇವಪ್ಪನ ಪಕ್ಕೆಗೆ ತಿವಿದಳು. ಅವನು ಮಂಡಿಯೂರಿದ. ಕೆಳಗಿನಿಂದ ಸಂಗು ಕಲ್ಲೆತ್ತಿಕೊಂಡು ಏಳಹೋದ. ಸುತ್ತಿಗೆ ಆ ಕಡೆಗೆ ತಿರುಗಿ ಅವನ ತೋಳಿನ ಮೇಲೆ ಬಿತ್ತು. ಸಂಗು ಎಮ್ಮೆಯಂತೆ ಕೂಗಿ ಮಲಗಿದ.

"ಯಾರ ನೀ?" ಎಂದ ರೇವಪ್ಪ, ಏದುಸಿರಿನಲ್ಲಿ.

"ಇದನ್ನ ಬಡದಾಕಿ. ಕೇಳೂದೊಂದ್ ಬಾಕಿ ಉಳದೈತಿ, ಅದಕ್ಕ ಬಂದೀನಿ. ಏನ್ ಕಡೀತಿ?"

ರೇವಪ್ಪ ರಕ್ತ ಉಗುಳಿ ಕೆಳಗಿದ್ದವನನ್ನು ತೋರಿಸಿದ. "ಇವನ್ನ."

"ಚೀಟಿ ಓದಿಲ್ಲೇನ?"

"ಓದಾಕತ್ತಿದ್ದೆ. ಮೂರನೇ ಪಾನದಾಗ ಇದ್ದೆ. ಈ ಬಾಡ್ಯಾ ಅಷ್ಟರಾಗ ಹೊಡದ!"

"ಉಳದದ್ದು ಓದು."

"ಈಗ?"

"ಈಗ."

ಮೇಲೆ ಐದು ಕಿಲೋ ಸುತ್ತಿಗೆ ನಿಂತಿತ್ತು. ರೇವಪ್ಪ ಮಣ್ಣಿನಲ್ಲಿ ಬಿದ್ದಿದ್ದ ಕರಪತ್ರ ಎತ್ತಿ, ಕಣ್ಣಿನ ರಕ್ತ ಒರೆಸಿ, ನಾಲ್ಕನೇ ಪುಟವನ್ನು ಗಟ್ಟಿಯಾಗಿ ಓದಿದ. ಬಹಳ ಹೊತ್ತು ಓದಿದ. ಕಬ್ಬಿಣದ ಹದ, ಕಂಬಾರರ ತಪಸ್ಸು, ಬಬಲೇಶ್ವರದ ಪ್ರೆಸ್ಸಿನ ವಿಳಾಸ. ಓದುತ್ತ ಓದುತ್ತ ಅವನ ಉಸಿರು ಇಳಿಯಿತು. ಕೊಯ್ತಾದ ಮೇಲಿದ್ದ ಕೈ ಕಾಗದವನ್ನು ಬಿಗಿಹಿಡಿಯಲು ಬಂತು. ನಿಂತವರಲ್ಲಿ ಮೂವರು ಬೇಸತ್ತು ಫೋನ್ ಕಿಸೆಗೆ ಹಾಕಿಕೊಂಡರು. ಕೊನೆಯ ಸಾಲಿಗೆ ಅವನು ತಡೆದ.

"ನರ... ನರಹತ್ಯಾಕಾಂಕ್ಷಿ. ಹಂಗಂದ್ರೇನು?"

"ನೀನ," ಎಂದಳು ಕಾಳವ್ವ.

ರೇವಪ್ಪ ಇನ್ನೊಮ್ಮೆ ಆ ಸಾಲನ್ನು ನೋಡಿದ. ಆಮೇಲೆ ಕಾಗದ ಹಿಡಿದುಕೊಂಡೇ ಮುಂದಕ್ಕೆ, ತಮ್ಮನ ಹೊಟ್ಟೆಯ ಮೇಲೆ, ಎಚ್ಚರ ತಪ್ಪಿ ಬಿದ್ದ. ಸಂಗು ಇನ್ನೊಮ್ಮೆ ಕೂಗಿದ.

ಊರಲ್ಲಿ ಆ ಹೊತ್ತಿಗೆ ಇದ್ದದ್ದು ಒಂದೇ ಗಾಡಿ. ಇಬ್ಬರನ್ನೂ ಅದರಲ್ಲೇ ಹಾಕಿದರು. ನಡುವೆ ಕಾಳವ್ವ ಸುತ್ತಿಗೆ ನಿಲ್ಲಿಸಿಕೊಂಡು ಕೂತಳು, ಅಂಗೈಗೆ ಸೆರಗು ಸುತ್ತಿಕೊಂಡು. ತಿಕೋಟಾ ದಾಟುವ ಹೊತ್ತಿಗೆ ರೇವಪ್ಪನಿಗೆ ಎಚ್ಚರವಾಗಿ ತಮ್ಮನನ್ನು ಒದ್ದ. ಸಂಗು ಅವನ ಕಿವಿ ಕಚ್ಚಿದ. ಬುಡ್ಡೇಸಾಬ ಹಿಂದೆ ತಿರುಗದೆ, "ಸೀಟ್ ಹರದ್ರ ಇಬ್ರನ್ನೂ ಇಳಿಸ್ತೀನಿ ನೋಡ್ರಿ," ಎಂದ. ವಿಜಯಪುರದ ಆಸ್ಪತ್ರೆಯಲ್ಲಿ ಅಣ್ಣನಿಗೆ ಹದಿನೆಂಟು ಹೊಲಿಗೆ, ತಮ್ಮನಿಗೆ ಪ್ಲಾಸ್ಟರು, ಕಾಳವ್ವನಿಗೆ ಹನ್ನೊಂದು ಹೊಲಿಗೆ. 

ಕೊಯ್ತಾವನ್ನು ಅವಳು ವಾಪಸ್ಸು ತಂದಳು. ಅದರ ಮೇಲೆ ರಕ್ತವಿತ್ತಲ್ಲ ಎಂದು ಶಿವಶರಣಪ್ಪ ದೂರ ನಿಂತು ಕೇಳಿದ.

"ನನ್ನ ರಕ್ತ ಅದು. ಬಡದಾಕಿ ರಕ್ತ ಎಣಿಸಂಗಿಲ್ಲ."

"ರೇವಪ್ಪನದೂ ಐತಲ್ಲ, ಹಿಡಿಕಿ ಮ್ಯಾಲ?"

"ಅದು ಮ್ಯಾಲಿಂದ ಬಿದ್ದದ್ದು. ಕುಡದದ್ದಲ್ಲ." ಆದರೂ ಅವಳು ಆ ಅಲಗನ್ನು ಮತ್ತೆ ಗೂಟಕ್ಕೆ ಹಾಕಲಿಲ್ಲ. ಒಲೆಗೆ ಹಾಕಿ, ಒಂದೇ ಕೈಯಲ್ಲಿ ಬಡಿದು ಕಬ್ಬಿಣದ ತುಂಡು ಮಾಡಿದಳು. ಆವತ್ತು ಟಿಣ್ ಎಂದು ಜಾಗ ತೋರಿಸುವ ಧೈರ್ಯ ಗಂಡನಿಗೆ ಬರಲಿಲ್ಲ.

ಮರುದಿನ ಇಬ್ಬರು ಜಾಹೀರಾತುಗಾರರೂ ಬಂದರು. ಕನಮಡಿಯಲ್ಲಿ ಯಾರೋ ತೆಗೆದ ಜಗಳದ ವಿಡಿಯೋ ಊರೂರು ತಿರುಗುತ್ತಿತ್ತು. ಅದಕ್ಕೆ ಕುಲುಮೆಯ ಹೆಸರು, ಫೋನ್ ನಂಬರು ಅಂಟಿಸಿದರೆ ಸಾಕು ಎಂದು ಚೇತನಕುಮಾರ ಕುಣಿದ. ಗುರುಪಾದಯ್ಯನವರು ಹೆಗಲಿಗೆ ಶಾಲು ಹಾಕಿಕೊಂಡು ಬಂದಿದ್ದರು. ಯಾರೂ ಹೊದಿಸಿದ್ದಲ್ಲ, ಸ್ವಂತದ್ದು. ಅಕ್ಷರವು ಎರಡು ಜೀವ ಉಳಿಸಿತು ಎಂದು ಘೋಷಿಸಿ, ಮುರಿದ ಕುರ್ಚಿಯ ಮೇಲೆ ಕುಳಿತು, ಬಿದ್ದರು.

"ಎರಡು ಜೀವ ಉಳಿಸಿದ್ದು ಅತ್ತಿ ಸುತ್ತಿಗಿ!" ಎಂದ ಚೇತನಕುಮಾರ.

"ಆಕಿ ಬರೂತನ ಅವನ ಕೈ ಹಿಡದ ಕೂಡಿಸಿದ್ದು ನನ್ನ ಮೂರು ಪುಟ!" ಎಂದರು ಅಯ್ಯನವರು, ನೆಲದಿಂದ. ಸ್ಟ್ಯಾಂಡು ಒಂದು ಕಡೆಯಿಂದ, ಶಾಲು ಇನ್ನೊಂದು ಕಡೆಯಿಂದ ಮೇಲೆದ್ದವು. ಕಾಳವ್ವ ಬಕೆಟ್ಟಿನ ಕಡೆ ನೋಡಿದಳು. ಎರಡೂ ಕೆಳಗಿಳಿದವು.

"ಚೇತ್ಯಾ, ನಿನ್ನ ವಿಡಿಯೋ ಅಳಿಸು. ಅದನ್ನ ನೋಡಿದಾವಂಗ ಕೈ ತುರಸ್ತಾವು. ಕೂತು ಓದಾವಂಗ ಎರಡೂ ಕೈ ಕಾಗದ ಹಿಡಿಯಾಕ ಬೇಕು." ಆಮೇಲೆ ಅಯ್ಯನವರ ಕಡೆ ತಿರುಗಿದಳು. "ಅಯ್ನೋರ, ನಿಮ್ಮದು ಸಾಲಂಗಿಲ್ಲ."

ಗುರುಪಾದಯ್ಯನವರ ಮುಖ ಇಳಿಯಿತು. "ಉದ್ದ ಆತೇನ?"

"ಗಿಡ್ಡ ಆಗೇತಿ. ಇನ್ನೆರಡು ಪಾನ ಹೆಚ್ಚಿಗಿ ಬರೀರಿ."

ಅರವತ್ತೆರಡು ವರ್ಷದಲ್ಲಿ ಆ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಶಾಲಿನಿಂದ ಕಣ್ಣೊರೆಸಿಕೊಂಡರು. ಭೂದೇವಿಗಿಂತ ಹಿಂದಕ್ಕೆ ಹೋಗಲು ಅಪ್ಪಣೆಯೇ ಎಂದು ಕೇಳಿದರು.

ಈಗ ಕುಲುಮೆಯ ಮುಂದಿನ ಕಲ್ಲಿನ ಮೇಲೆ ಕೊಯ್ತಾ ಇಟ್ಟಾಗ, ಅದರ ಮೇಲೆ ಆರು ಪುಟದ ಕರಪತ್ರವೂ ಇರುತ್ತದೆ. ಉತ್ತರ ಹೇಳಿದವನಿಗೆ ಕರಪತ್ರ, ಓದಿ ಮುಗಿಸಿದವನಿಗೆ ಕೊಯ್ತಾ. ಓದಲು ಬಾರದವರಿಗೆ ಶಿವಶರಣಪ್ಪ ಕಪ್ಪು ಕನ್ನಡಕ ತೆಗೆದು ಓದಿ ಹೇಳುತ್ತಾನೆ. ಅದನ್ನು ಅವನು ಪ್ರವಚನ ಎಂದು ಕರೆಯುತ್ತಾನೆ. ಚೇತನಕುಮಾರ ಛಲ ಬಿಡದೆ, ಜನ ಕರಪತ್ರ ಓದುವುದನ್ನೇ ವಿಡಿಯೋ ಮಾಡಿ ಹಾಕಿದ. ಇಪ್ಪತ್ತೊಂದು ಸಲ ನೋಡಿದ್ದಾರೆ. ಹದಿನೆಂಟು ಸಲ ಶಿವಶರಣಪ್ಪ.

ಹಂಗಾಮು ಶುರುವಾದ ಮೇಲೆ ಒಂದು ಬೆಳಿಗ್ಗೆ ರೇವಪ್ಪ ಬಂದ. ತಲೆಯ ಮೇಲೆ ಹೊಲಿಗೆಯ ಗೀರು, ಕಿವಿಗೆ ಹಲ್ಲಿನ ಗುರುತು, ಕಾಲಲ್ಲಿ ಚಪ್ಪಲಿ. ಕಾಳವ್ವ ಅವನನ್ನು ನೋಡಿ, ಹೊಲಿಗೆ ಬಿಚ್ಚಿದ ಎಡಗೈಯಲ್ಲಿ ಒಂದು ಕೊಯ್ತಾ ತಂದು ಕಲ್ಲಿನ ಮೇಲಿಟ್ಟಳು.

"ಏನ್ ಕಡೀತಿ?"

"ಮೋಟು. ನಲವತ್ತು ಬಳ್ಳಿದು. ತಗದು ಹೊಸಾ ಸಸಿ ಹಚ್ಚಬೇಕು."

"ತಮ್ಮ?"

"ಅವಂಗಿನ್ನ ಕೈ ಏಳಂಗಿಲ್ಲ. ಎದ್ದ ಮ್ಯಾಲ ತಾನೂ ಬರ್ತೀನಿ ಅಂದಾನ, ಮೋಟು ಕೀಳಾಕ." ಕಿವಿ ಮುಟ್ಟಿಕೊಂಡು ಸೇರಿಸಿದ. "ಬರ್ಲಿ. ಒಂದೆರಡು ಬಾರಸ್ತೀನಿ. ಬರೀ ಕೈಲೆ."

ಒಳಗೆ ಗಂಡ ಟಿಣ್ ಎಂದ. ಕಾಳವ್ವ ಹೋಗಿ ಧಣ್ ಎಂದಳು. ರೇವಪ್ಪ ಬಗ್ಗಿ ಕೊಯ್ತಾಕ್ಕೆ ಕೈ ಚಾಚಿದ. ಅವಳು ಒಳಗಿನಿಂದಲೇ ಸುತ್ತಿಗೆ ಎತ್ತಿ, ಅದರ ಮೇಲಿನ ಕರಪತ್ರ ತೋರಿಸಿದಳು.

"ಮೊದಲ ಓದೀನಲ್ಲ ಯವ್ವಾ."

"ಅದು ಹಳೇದು. ಇದರಾಗ ಇನ್ನೆರಡು ಪಾನ ಹೆಚ್ಚಿಗಿ ಅದಾವು."

ರೇವಪ್ಪ ಚಪ್ಪಲಿ ಬಿಟ್ಟು, ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಸಾಲಿನ ಕೆಳಗೆ ಬೆರಳಿಟ್ಟ.